ಹಸಿರು ಎಳೆ, ಕಂದು ಎಳೆ

ಮನೆಗಳ ಗೋಡೆಯೊಳಗೆ ನೆಟ್‌ವರ್ಕ್ ಕೇಬಲ್ ಹಾಯಿಸುವುದರಲ್ಲಿ ಅಣ್ಣ ಎತ್ತಿದ ಕೈ. ತಮ್ಮನಿಗೆ ಕೆಲಸ ಕಲಿಸಿದವನೂ ಅವನೇ. ಹಾಗಾಗಿ ಸ್ವಲ್ಪ ಜಂಬವಿತ್ತು. ಇರಲಿ ಬಿಡಿ, ಇಪ್ಪತ್ತೆರಡು ವರ್ಷ ದುಡಿದವನಿಗೆ ಅಷ್ಟೂ ಬೇಡವೇ? ಕೇಬಲ್ಲಿನ ಎಂಟು ಎಳೆಗಳನ್ನು ಬಣ್ಣ ನೋಡಿ ಸಾಕೆಟ್ಟಿಗೆ ಕೂರಿಸುವುದು ಅಣ್ಣ, ಟೆಸ್ಟರ್ ಹಚ್ಚಿ ನೋಡುವುದು ತಮ್ಮ. ಒಬ್ಬ ಮಾಡಿದ್ದನ್ನು ಇನ್ನೊಬ್ಬ ನೋಡಬೇಕೆಂಬ ಕಟ್ಟಳೆಯೂ ಅಣ್ಣನದೇ.

ಈ ಸಲ ಕೆಲಸ ಅಕ್ಕನ ಮನೆಯಲ್ಲಿ. ಕೋಣೆಗೆ ಎರಡರಂತೆ ಎಂಟು ಸಾಕೆಟ್. ಆರು ನಿನ್ನೆಯೇ ಮುಗಿದಿದ್ದವು. ಇವತ್ತು ಏಳನೆಯದನ್ನು ಅಣ್ಣ ಕೂರಿಸುವ ಹೊತ್ತಿಗೆ, ಸಾಕೆಟ್ಟಿನ ಮೇಲೆ ಮುಚ್ಚುವ ಪ್ಲೇಟು ಸಾಲದೆ ತಮ್ಮ ಅಂಗಡಿಗೆ ಹೋದ.

“ಗೋಡೆನೆಲ್ಲ ಜರಡಿ ಮಾಡಿಟ್ರಲ್ಲೋ,” ಎನ್ನುತ್ತ ಅಕ್ಕ ಟೀ ತಂದಳು. “ನಿನ್ನೆ ನೀನು ಹೋದ್ಮೇಲೂ ತಮ್ಮ ಎರಡು ಗಂಟೆ ಇಲ್ಲೇ ಇದ್ದ. ಕಸ ಗುಡಿಸೋಕೆ ಅಷ್ಟೊತ್ತು ಬೇಕೇನೋ?”

ಸುಮ್ಮನೆ ಕೂರುವ ಜಾಯಮಾನ ಅಣ್ಣನದಲ್ಲ. ಟೀ ಕುಡಿದವನೇ ಏಳನೆಯ ಸಾಕೆಟ್ಟಿಗೆ ತಾನೇ ಟೆಸ್ಟರ್ ಹಚ್ಚಿದ. ಎಳೆಗೊಂದರಂತೆ ಅದರ ದೀಪಗಳು ಒಂದರಿಂದ ಎಂಟರವರೆಗೆ ಸಾಲಾಗಿ ಹತ್ತಬೇಕು. ಐದಾದ ಮೇಲೆ ಎಂಟು ಹತ್ತಿತು, ಆಮೇಲೆ ಏಳು, ಕೊನೆಗೆ ಆರು. ಹಸಿರು ಎಳೆಯೂ ಕಂದು ಎಳೆಯೂ ಅದಲುಬದಲಾಗಿದ್ದವು. ಟಾರ್ಚು ಬಿಟ್ಟು ನೋಡಿದ. ಎರಡೂ ಒಂದೇ ಥರ ಮಂಕಾಗಿ ಕಂಡವು. ಈಚೆಗೆ ಬಣ್ಣಗಳು ಹೀಗೆ ಮಂಕಾಗುತ್ತಿದ್ದುದನ್ನು ಅವನು ಬೆಳಕಿನ ತಪ್ಪೆಂದು ತಳ್ಳಿಹಾಕಿದ್ದ.

ನಿನ್ನೆಯ ಸಾಕೆಟ್ಟೊಂದನ್ನು ಬಿಚ್ಚಿದ. ತನ್ನ ಕೈಕೆಲಸ ತನಗೆ ತಿಳಿಯದೇ? ಅವನು ಎಳೆಗಳನ್ನು ಬುಡಕ್ಕೆ ಕತ್ತರಿಸುತ್ತಿದ್ದ. ಇಲ್ಲಿ ಚೂರು ಚೂರು ತುದಿ ಉಳಿದಿತ್ತು. ಎಷ್ಟು ಬೈದರೂ ತಮ್ಮ ಬಿಡದ ಅಭ್ಯಾಸ ಅದು. ಆರನ್ನೂ ಬಿಚ್ಚಿದ. ಆರರಲ್ಲೂ ಅವೇ ತುದಿಗಳು.

ಹೀಗೆ ಎಷ್ಟು ಮನೆ, ಎಷ್ಟು ತಿಂಗಳು? “ನೀನು ಹೊರಡಣ್ಣ, ನಾನು ಗುಡಿಸಿ ಬರ್ತೀನಿ” ಎಂದು ತಮ್ಮ ದಿನವೂ ಹೇಳುತ್ತಿದ್ದುದು ನೆನಪಾಯಿತು. ನಾಚಿಕೆಯೂ ಆಯಿತು, ಅಳುವೂ ಬಂತು. ಅಕ್ಕನಿಗೆ ಕಾಣದ ಹಾಗೆ ತೋಳಿನಿಂದ ಮುಖ ಒರೆಸಿಕೊಂಡು ಎಲ್ಲವನ್ನೂ ಮೊದಲಿನಂತೆ ಮುಚ್ಚಿದ.

ತಮ್ಮ ಬಂದು ಏಳನೆಯದಕ್ಕೆ ಟೆಸ್ಟರ್ ಹಚ್ಚಿದ. ದೀಪಗಳು ಕಾಣದಂತೆ ಬೆನ್ನು ಅಡ್ಡ ಮಾಡಿಕೊಂಡು, “ಸರಿಯಾಗಿದೆ ಅಣ್ಣ” ಎಂದ.

“ಇನ್ಮೇಲೆ ಸಾಕೆಟ್ ನೀನೇ ಹಾಕು. ನಾನು ಕೇಬಲ್ ಎಳ್ಕೊಂಡಿರ್ತೀನಿ.”

ಯಾಕೆ ಎಂದು ತಮ್ಮ ಒಂದು ಮಾತಾದರೂ ಕೇಳಲಿ ಎಂದು ಅಣ್ಣ ಕಾದ. ಕೇಳಿದರೆ ಹೇಳಲು ಮಂಡಿನೋವಿನ ಸುಳ್ಳೊಂದು ಬಾಯಲ್ಲೇ ಇತ್ತು.

“ಹೂಂ,” ಎಂದ ತಮ್ಮ. ಆಮೇಲೆ ಅಣ್ಣನ ಎದುರಿಗೇ ಕೂತು, ಏಳನೆಯ ಸಾಕೆಟ್ಟನ್ನು ಬಿಚ್ಚತೊಡಗಿದ.