ಊರಿನ ಪರವಾಗಿ ಅಪ್ಪಿ

"ಏ ಅಪ್ಪಿ, ಏಳು ಅಲ್ಲಿಂದ. ಅದು ಚೀಟಿಯಲ್ಲಿ ಹೆಸರು ಬಂದವರ ಕುರ್ಚಿ. ನಿನ್ನ ಕೆಲಸ ಹಿಂದೆ ಉಂಟು, ಕಕ್ಕಸು ಕಟ್ಟಿಕೊಂಡಿದೆ."

ಪಂಚಾಯತ್ ಅಧ್ಯಕ್ಷ ಉಮಾನಾಥ ಸಭಾಭವನದ ಬಾಗಿಲಲ್ಲೇ ನಿಂತು ಕೂಗಿದ. ಪಂಚಾಯತಿನ ಕಸದ ಗಾಡಿಯಲ್ಲಿ ದುಡಿಯುವ ಅಪ್ಪಿ ಅರ್ಧ ಎದ್ದಳು.

"ನನ್ನ ಹೆಸರೂ ಬಂದಿದೆ ಧಣಿ."

ಯಾರೋ ನಕ್ಕರು. ಸಭೆ ನಡೆಸಲು ಮಣಿಪಾಲದ ಸಂಸ್ಥೆಯೊಂದರಿಂದ ಬಂದಿದ್ದ ಚೈತಾಲಿ ಓಡಿ ಬಂದು ಅಪ್ಪಿಯ ಭುಜ ಹಿಡಿದು ಕೂರಿಸಿದಳು. "ಕೂತ್ಕೊಳ್ಳಿ ಅಮ್ಮ. ವೋಟಿನಲ್ಲಿ ಯಾವಾಗಲೂ ಗೆಲ್ಲುವವರೇ ಗೆಲ್ತಾರೆ. ಚೀಟಿ ಎತ್ತಿದರೆ ಯಾರು ಬೇಕಾದರೂ ಬರಬಹುದು. ಇಲ್ಲಿ ನಿಮ್ಮ ಮಾತಿಗೂ ಅಧ್ಯಕ್ಷರ ಮಾತಿಗೂ ಒಂದೇ ಬೆಲೆ."

ಭುಜದ ಮೇಲೆ ಕೈಯಿಟ್ಟು ಅವಳೊಡನೆ ಆ ಊರಲ್ಲಿ ಯಾರೂ ಮಾತಾಡಿದ್ದಿಲ್ಲ. ಅಪ್ಪಿ ನಂಬಿದಳು.

ಊರಿನ ಕಸ ಎಲ್ಲಿ ಸುರಿಯುವುದು ಎಂದು ಚೀಟಿಯಲ್ಲಿ ಬಂದವರೆಲ್ಲ ಕೂತು ತೀರ್ಮಾನಿಸಬೇಕಿತ್ತು. ಅಪ್ಪಿ ಇರುವ ಕೊರಗರ ಕಾಲೊನಿಯ ಮೇಲಿನ ಗುಡ್ಡದಲ್ಲೋ, ಕಾರ್ಕಳ ರಸ್ತೆಯ ಬದಿ ಖಾಲಿ ಬಿದ್ದ ಕಲ್ಲುಕೋರೆಯಲ್ಲೋ. ಕೋರೆಯ ಪಕ್ಕದಲ್ಲಿ ಉಮಾನಾಥನ ಭಾವ ಲೇಔಟ್ ಮಾಡುತ್ತಿದ್ದ.

ಆದಿತ್ಯವಾರಗಳಲ್ಲಿ ಸಭೆ. ಕೊನೆಯ ಸಭೆಯಲ್ಲಿ ಅಪ್ಪಿ ಎದ್ದು ನಿಂತಳು.

"ಮಳೆ ಬಂದರೆ ಗುಡ್ಡದ ನೀರೆಲ್ಲ ನಮ್ಮ ಬಾವಿಗೆ ಬರುದು. ನಿಮ್ಮ ಮಕ್ಕಳ ಹೇಲಿನ ಪ್ಯಾಂಪರ್ಸ್ ಹೆಕ್ಕುದು ನಾವೇ. ಇನ್ನು ಅದರ ನೀರನ್ನೂ ಕುಡಿಬೇಕಾ?"

ಈ ಸಲ ಯಾರೂ ನಗಲಿಲ್ಲ. ಅವಳ ಪಕ್ಕದಲ್ಲಿದ್ದ ಗುಜರಿ ಅಂಗಡಿಯ ಶೇಕಬ್ಬ, ಗುಡ್ಡ ಬೇಡ ಎಂದು ಮೊದಲು ಕೈ ಎತ್ತಿದ. ಆಮೇಲೆ ಒಬ್ಬೊಬ್ಬರೇ ಎತ್ತಿದರು. ಬೇಡ ಎಂದವರೇ ಹೆಚ್ಚಾದರು. ಚೈತಾಲಿ ಚಪ್ಪಾಳೆ ತಟ್ಟಿ, ನಗುತ್ತಿದ್ದ ಅಪ್ಪಿಯ ಫೋಟೋ ತೆಗೆದಳು.

ಮಳೆಗಾಲ ಮುಗಿದ ಮೇಲೆ ಅದೇ ಫೋಟೋ ಪೇಟೆಯ ಫ್ಲೆಕ್ಸಿನಲ್ಲಿ ಬಂತು. ಅಪ್ಪಿಗೆ ಅದನ್ನು ಓದಿ ಹೇಳಿದ್ದು ಅಣ್ಣ ವಿಠಲ. ಗುಡ್ಡದಲ್ಲಿ ಕಸದ ಘಟಕ, ಜನರೇ ಕೂತು ಮಾಡಿದ ತೀರ್ಮಾನ. ಓದಿ ಮುಗಿಸಿ ಅವಳ ಕಾಲಬುಡಕ್ಕೆ ಉಗಿದ.

"ಒಂದು ಕುರ್ಚಿ ಕೊಟ್ಟದ್ದಕ್ಕೆ ನಮ್ಮನ್ನೆಲ್ಲ ಮಾರಿದೆಯಾ ಬೇವರ್ಸಿ?"

"ನಾನು ಬೇಡ ಅಂತಲೇ ಹೇಳಿದ್ದು ಅಣ್ಣ."

"ಮತ್ತೆ ಇಲ್ಲಿ ಹಲ್ಲು ಬಿಟ್ಟದ್ದು ಯಾರು?"

ಅಪ್ಪಿ ಸಾಕ್ಷಿ ಹೇಳು ಎಂದು ಕೇಳಲು ಶೇಕಬ್ಬನ ಅಂಗಡಿಗೆ ಓಡಿದಳು. ಅವನು ತಗಡು ಬಡಿಯುವುದನ್ನು ನಿಲ್ಲಿಸಲಿಲ್ಲ. "ನನಗೆ ಎಂತದೂ ನೆನಪಿಲ್ಲ. ಅಂಗಡಿಯ ಲೈಸನ್ಸ್ ಪಂಚಾಯತಿನವರ ಕೈಯಲ್ಲಿ ಉಂಟು. ನೀನು ಹೋಗು."

ಚೈತಾಲಿ ಫೋನಿನಲ್ಲಿ ಮೆಲ್ಲಗೆ ಹೇಳಿದಳು. "ಅಮ್ಮ, ಸಭೆಯದ್ದು ಸಲಹೆ ಮಾತ್ರ. ಕೊನೆಯ ಮಾತು ಪಂಚಾಯತಿನದ್ದು. ಆದರೆ ನೀವು ಮಾತಾಡಿದಿರಲ್ಲ, ಅದೇ ದೊಡ್ಡದು. ನಿಮ್ಮ ಬಗ್ಗೆ ದೆಹಲಿಯಲ್ಲೂ ಹೇಳಿದ್ದೇನೆ."

"ಇಲ್ಲಿ ಬಂದು ನಮ್ಮ ಕಾಲೊನಿಯಲ್ಲಿ ಹೇಳಿ. ಅಪ್ಪಿ ಬೇಡ ಅಂದಿದ್ದಳು ಅಂತ."

ಮೀಟಿಂಗ್ ಉಂಟು ಎಂದು ಚೈತಾಲಿ ಫೋನ್ ಇಟ್ಟಳು.

ಗುದ್ದಲಿ ಪೂಜೆಯ ದಿನ ಗುಡ್ಡದಲ್ಲಿ ಶಾಮಿಯಾನ ಹಾಕಿದ್ದರು. ಜೆಸಿಬಿಗೆ ಸೇವಂತಿಗೆ ಮಾಲೆ. ಕಾಲೊನಿಯವಳೇ ಆದ ಅಪ್ಪಿ ಈಗ ಊರಿನ ಪರವಾಗಿ ಕಾಯಿ ಒಡೆಯುತ್ತಾಳೆ ಎಂದು ಉಮಾನಾಥ ಮೈಕಿನಲ್ಲಿ ಸಾರಿದ. ಮೈಕನ್ನು ಅಂಗೈಯಲ್ಲಿ ಮುಚ್ಚಿ ಅವಳತ್ತ ಬಾಗಿದ. "ನಗ್ತಾ ಒಡಿ. ಇಲ್ಲದಿದ್ರೆ ನಾಳೆಯಿಂದ ಗಾಡಿ ಹತ್ತಬೇಡ."

ಭಟ್ಟರು ಕಾಯಿಯನ್ನು ಅವಳ ಕೈಗೆ ಕೊಡದೆ, ನೆಲದ ಮೇಲಿಟ್ಟು ಹಿಂದೆ ಸರಿದರು.

ಅಪ್ಪಿ ಕಾಯಿ ಎತ್ತಲಿಲ್ಲ. ನೇರ ನಡೆದು ಜೆಸಿಬಿಯ ಬಕೆಟಿನೊಳಗೆ ಹತ್ತಿ ಕೂತಳು. ಮಾಲೆ ಹರಿದು ಕೆಳಗೆ ಬಿತ್ತು.

"ಇಳಿಯೇ ನಾಯಿ," ಎಂದ ಉಮಾನಾಥ. ಅವಳು ಅಲುಗಲಿಲ್ಲ. ಅವನು ಡ್ರೈವರನ ಕಡೆ ತಿರುಗಿದ. "ಸ್ವಲ್ಪ ಎತ್ತು ಮಾರಾಯ. ಹೆದರಿ ಇಳಿತಾಳೆ."

ಎಂಜಿನ್ ಗುಡುಗಿತು. ಬಕೆಟ್ ಮೇಲೇರಿತು. ಅಪ್ಪಿ ಅದರ ಕಬ್ಬಿಣದ ಹಲ್ಲುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎತ್ತರದಿಂದ ಇಡೀ ಕಾಲೊನಿ ಕಂಡಿತು. ಬಾವಿಕಟ್ಟೆಯ ಬಳಿ ವಿಠಲ, ಅವನ ಹಿಂದೆ ಹೆಂಗಸರು, ತಲೆ ಎತ್ತಿ ಅವಳನ್ನೇ ನೋಡುತ್ತಿದ್ದರು. ಯಾರೂ ಇನ್ನೂ ಗುಡ್ಡದ ಕಡೆ ಹೆಜ್ಜೆ ಇಟ್ಟಿರಲಿಲ್ಲ.

"ಇನ್ನೂ ಎತ್ತು," ಎಂದ ಉಮಾನಾಥ.