ಇಪ್ಪತ್ತೆರಡು ವರ್ಷದ ನೀರು

"ಅಕ್ಕಾ, ಈ ಪುಸ್ತಕಗಳನ್ನ ನಾವು ತಗೊಳ್ಳೋಕಾಗಲ್ಲ," ಎಂದು ಸಂಶೋಧಕಿ ಅಳುಕುತ್ತಲೇ ಹೇಳಿದಳು. "ಸರ್ಕಾರದ ದುಡ್ಡಲ್ಲಿ ನಡೆಯೋ ಸಂಶೋಧನೆ. ಎಲ್ಲಾ ಮೀಟರಲ್ಲೇ ಇರ್ಬೇಕು ಅಂತ ಷರತ್ತು."

ಅಳತೆಗಾರ್ತಿ ಮೇಜಿನ ಮೇಲಿದ್ದ ಇಪ್ಪತ್ತೆರಡು ಪುಸ್ತಕಗಳತ್ತ ನೋಡಿದಳು. ವರ್ಷಕ್ಕೊಂದು. ದಿನಾ ಬೆಳಿಗ್ಗೆ ಏಳಕ್ಕೆ ಸೇತುವೆಯ ಕಂಬಕ್ಕೆ ಹೊಡೆದ ಅಳತೆಪಟ್ಟಿ ನೋಡಿ, ನದಿ ಎಷ್ಟು ಅಡಿ, ಎಷ್ಟು ಇಂಚು ಎಂದು ಬರೆದಿಟ್ಟದ್ದು. ಮಗಳ ಮದುವೆಯ ದಿನವೂ ಹೊಸ ಬಟ್ಟೆಯಲ್ಲೇ ಕೆಸರಿಗಿಳಿದು ಬೀಗರ ಮುಂದೆ ಬೈಸಿಕೊಂಡಿದ್ದಳು.

"ಗುಣಿಸಿದ್ರೆ ಆಯ್ತಲ್ಲಮ್ಮ. ನಮ್ಮನೆಯವರು ದರ್ಜಿ. ಅವರ ಟೇಪಲ್ಲಿ ಒಂದು ಕಡೆ ಇಂಚು, ಇನ್ನೊಂದು ಕಡೆ ನಿಮ್ಮ ಸರ್ಕಾರ."

ಸಂಶೋಧಕಿಗೆ ನಗು ಬಂತು. "ಗುಣಿಸಿಯೂ ನೋಡ್ದೆ," ಎಂದು ಕಂಪ್ಯೂಟರ್ ತಿರುಗಿಸಿದಳು. ನದಿಯ ಮಟ್ಟ ತೋರಿಸುವ ಗೆರೆ ಹನ್ನೊಂದನೇ ವರ್ಷದಲ್ಲಿ ಮೆಟ್ಟಿಲು ಹತ್ತಿದಂತೆ ಮೇಲೇರಿ, ಆಮೇಲೆ ಕೆಳಗಿಳಿದೇ ಇರಲಿಲ್ಲ. "ನದಿ ಒಂದೇ ದಿನಕ್ಕೆ ಏರಿ ಹಾಗೇ ಉಳಿಯುತ್ತಾ? ಬರೆದಿದ್ದೇ ತಪ್ಪು ಅಂತಾರೆ ಮೇಲಿನವರು."

ಅಳತೆಗಾರ್ತಿಯ ಮುಖ ಬಿಸಿಯಾಯಿತು. ಅಷ್ಟು ವರ್ಷದ ಬೆಳಗುಗಳೆಲ್ಲ ಒಂದೇ ಮಾತಿಗೆ ನೀರುಪಾಲು. ಗೆರೆಯನ್ನೇ ದಿಟ್ಟಿಸುತ್ತ ಕೂತವಳಿಗೆ ಇದ್ದಕ್ಕಿದ್ದಂತೆ ನಗು ಉಕ್ಕಿತು.

"ಏರಿದ್ದು ನದಿ ಅಲ್ಲಮ್ಮ, ಜಾರಿದ್ದು ಪಟ್ಟಿ. ಪ್ರವಾಹದಲ್ಲಿ ಮರದ ದಿಮ್ಮಿ ಬಡಿದು ಒಂಬತ್ತಿಂಚು ಕೆಳಗೆ ಹೋಯ್ತು. ಸರಿ ಮಾಡ್ಸಿ ಅಂತ ಮೂರು ಸಲ ಅರ್ಜಿ ಕೊಟ್ಟೆ. ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ."

ಹನ್ನೊಂದನೇ ಪುಸ್ತಕ ಎಳೆದು ಹಿಂಬದಿಯ ರಟ್ಟು ತೆರೆದಳು. ತಾರೀಕು, ಗಂಟೆ, ಜಾರಿದ ಅಳತೆ, ಕೆಳಗೆ ದುಂಡಗಿನ ಸಹಿ.

ಸಂಶೋಧಕಿ ಅಲ್ಲಿಂದ ಮುಂದಿನ ಅಳತೆಗಳಲ್ಲೆಲ್ಲ ಒಂಬತ್ತಿಂಚು ಕಳೆದಳು. ಮೆಟ್ಟಿಲು ಮಾಯವಾಯಿತು. ಅವಳು ಕಂಪ್ಯೂಟರ್ ಮುಚ್ಚಿದಳು. ಆಮೇಲೆ ಇಪ್ಪತ್ತೆರಡೂ ಪುಸ್ತಕಗಳನ್ನು ಒಂದೊಂದಾಗಿ ತನ್ನ ಚೀಲಕ್ಕೆ ತುಂಬತೊಡಗಿದಳು.

"ಹುಷಾರಮ್ಮ, ಏಳನೇದರ ಹೊಲಿಗೆ ಬಿಟ್ಟಿದೆ," ಎಂದಳು ಅಳತೆಗಾರ್ತಿ.

ಮುಂದಿನ ವಾರ ಸೇತುವೆಗೆ ಮೀಟರಿನ ಹೊಸ ಪಟ್ಟಿ ಬಂತು. ಮೊದಲ ಬೆಳಿಗ್ಗೆ ಅಳತೆಗಾರ್ತಿ ಬಗ್ಗಿ ಎರಡೆರಡು ಸಲ ಓದಿ ಬರೆದುಕೊಂಡಳು. ದಡದಿಂದ ಅಂಬಿಗ ಕೂಗಿ ಕೇಳಿದ: "ಇವತ್ತು ಎಷ್ಟಕ್ಕಾ?"

"ಒಂದು ಪಾಯಿಂಟ್ ಮೂರು ಎರಡು."

ಅವನು ಬಾಯಿ ಬಿಟ್ಟುಕೊಂಡು ನಿಂತ. ಅವಳು ಅಂಗೈಯನ್ನು ಕುತ್ತಿಗೆಯ ಮಟ್ಟಕ್ಕೆ ಅಡ್ಡ ಹಿಡಿದು ತೋರಿಸಿದಳು. ಅಂಬಿಗ ತಲೆಯಾಡಿಸಿ, ಹಗ್ಗ ಬಿಚ್ಚಿ, ದೋಣಿಯನ್ನು ನೀರಿಗೆ ತಳ್ಳಿದ.