ಹೆಲ್ಮೆಟ್ಟಿನ ಮೇಲಿನ ಕೋಲು

ಕಾರು ಓಡಿಸಲೂ ಬಾರದವರು ರೇಸ್ ಕಾರಿನ ಕತೆ ಹೇಳಹೊರಟರೆ ಅದು ಅಧಿಕಪ್ರಸಂಗವೇ ಸರಿ. ಆದರೂ ಹೇಳದೆ ಇರಲಾಗುತ್ತಿಲ್ಲ. ಎಲ್ಲಾದರೂ ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಅವನನ್ನು ಮನೆಯವರೆಲ್ಲ ಏಣಿ ಎಂದೇ ಕರೆಯುತ್ತಿದ್ದರು. ಎಲ್ಲರಿಗಿಂತ ಒಂದು ತಲೆ ಎತ್ತರ. ಆ ಎತ್ತರವನ್ನು ಮಾತ್ರ ಅವನು ಎಂದೂ ಪೂರ್ತಿ ಬಿಚ್ಚಿದವನಲ್ಲ. ಹಿಂದಿನ ಬೆಂಚಿನವರ ಬೈಗುಳಕ್ಕೆ ಹೆದರಿ ಶಾಲೆಯಲ್ಲಿ ಬಗ್ಗಿದ ಬೆನ್ನು, ಆಮೇಲೆ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ ಸಿಕ್ಕಾಗ ಕೌಂಟರಿನ ತಗ್ಗು ಕಿಂಡಿಗೆ ಬಗ್ಗಿ, ಹಾಗೇ ಉಳಿದುಬಿಟ್ಟಿತ್ತು. ತಾನು ಬಗ್ಗಿದ್ದೇನೆ ಎಂಬುದೇ ಅವನಿಗೆ ಮರೆತುಹೋಗಿತ್ತು.

ಎರಡೇ ಸೀಟಿನ, ಬಟ್ಟೆಯ ಮುಚ್ಚಿಗೆಯ ಹಗುರವಾದ ಹಳೇ ಕಾರೊಂದು ಅವನ ಕೈಗೆ ಬಂದಿತ್ತು. ಅದನ್ನು ಸಜ್ಜುಮಾಡಿ ಕ್ಲಬ್ಬಿನವರು ಹೊಸಬರಿಗೆಂದು ನಡೆಸುವ ರೇಸಿನಲ್ಲಿ ಒಮ್ಮೆ ಓಡಿಸಬೇಕೆಂದು ಅವನ ಆಸೆ. ಕೆಲಸ ಭಾವನ ಶೆಡ್ಡಿನಲ್ಲಿ ಶುರುವಾಯಿತು. ಅಕ್ಕನ ಗಂಡ ವೆಲ್ಡರ್. ಮೊದಲು ಇಬ್ಬರೂ ಸೇರಿ ಕಾರನ್ನು ಬೋಳಿಸಿದರು. ಕಾರ್ಪೆಟ್ಟು, ರೇಡಿಯೊ, ಹೀಟರು, ಸ್ಟೆಪ್ನಿ, ಪಕ್ಕದ ಸೀಟು ಎಲ್ಲ ಹೊರಗೆ ಬಂದವು. ನೆಲಕ್ಕೆ ಅಂಟಿದ್ದ ಡಾಂಬರಿನಂಥ ಹಾಳೆಯನ್ನು ಉಳಿಯಿಂದ ಕೆರೆದು ಕೆರೆದು ಏಣಿಯ ಅಂಗೈ ಬೊಬ್ಬೆ ಎದ್ದಿತು. ಕಾಫಿ ತಂದ ಅಕ್ಕ ಒಳಗೆ ಇಣುಕಿ ನೋಡಿದಳು.

"ಒಳ್ಳೇ ಕಾರು ತಂದು ಡಬ್ಬ ಮಾಡ್ತಿದೀರಲ್ಲ."

"ತೂಕ ಇಳಿಸ್ತಿದೀವಿ ಕಣೇ," ಎಂದ ಭಾವ. "ನಿನಗೂ ಬೇಕಾದ್ರೆ ಹೇಳು."

ಅಕ್ಕ ಅವನ ಲೋಟವನ್ನು ಮಾತ್ರ ವಾಪಸು ತೆಗೆದುಕೊಂಡು ಹೋದಳು.

ಭಾವ ಹೀಗೆ ತಮಾಷೆ ಮಾಡಿ ಬಹಳ ದಿನವಾಗಿತ್ತು. ಅವನ ಬಲಗಣ್ಣು ಮಂಜಾಗಿತ್ತು. ಇನ್ನು ಸುಧಾರಿಸುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಗೇಟು ಮಾಡಿಸಲು ಬಂದವರನ್ನು ಅವನೇ ಬೇರೆ ಕಡೆ ಕಳಿಸುತ್ತಿದ್ದ. ಕಾರು ಮಗುಚಿದರೆ ತಲೆ ಕಾಯುವ ಪೈಪಿನ ಪಂಜರವನ್ನು ಕೂರಿಸುವ ಕೆಲಸ ಬಂದಾಗ ಮಾತ್ರ ತಾನೇ ಮಾಡುತ್ತೇನೆಂದು ಹಟ ಹಿಡಿದ. "ರೇಸಿನವರ ತಪಾಸಣೇಲಿ ಇದು ಪಾಸಾಯ್ತು ಅಂದ್ರೆ ನನ್ನ ಕಣ್ಣು ಇನ್ನೂ ಕೆಲಸಕ್ಕೆ ಬರುತ್ತೆ ಅಂತ ಅರ್ಥ. ಇಲ್ಲಾಂದ್ರೆ ಶೆಡ್ಡಿಗೆ ಬೀಗ," ಎಂದ. ಆ ದಿನ ಅಕ್ಕ ತಮ್ಮನನ್ನು ಬಾಗಿಲ ಮರೆಗೆ ಕರೆದು, ಮನೆಯಲ್ಲಿ ಸುಮ್ಮನೆ ಕೂತರೆ ಈ ಮನುಷ್ಯ ಕೂತಲ್ಲೇ ಕರಗಿಹೋಗುತ್ತಾರೆ ಎಂದಳು. ರೇಸಿನ ಆಸೆ ಏಣಿಯೊಳಗೆ ಆ ಕ್ಷಣಕ್ಕೇ ಸಣ್ಣದಾಯಿತು. ಪಂಜರ ಪಾಸಾದರೆ ಸಾಕಿತ್ತು.

ನಿಯಮ ಸರಳ. ತಲೆಯ ಹಿಂದಿನ ಕಮಾನಿನಿಂದ ಮುಂದಿನ ಪೈಪಿನವರೆಗೆ ಒಂದು ಕೋಲು ಇಟ್ಟರೆ ಅದು ಹೆಲ್ಮೆಟ್ಟಿಗೆ ತಾಗಬಾರದು. ಭಾವ ಸೀಟನ್ನು ನೆಲಕ್ಕೇ ಬಿಗಿದು, ಏಣಿಗೆ ಹೆಲ್ಮೆಟ್ ಹಾಕಿಸಿ ಕೂರಿಸಿ, ಅಕ್ಕನ ನೆಲ ಒರೆಸುವ ಕೋಲನ್ನು ಮೇಲಿಟ್ಟು, ಎಡಗಣ್ಣು ಹತ್ತಿರ ತಂದು ನೋಡಿದ. ಎರಡು ಬೆರಳು ತೂರುವಷ್ಟು ಜಾಗವಿಟ್ಟು ಕಮಾನಿನ ಎತ್ತರ ಗೊತ್ತುಮಾಡಿ ಬೆಸೆದ. ರೇಸಿನ ಬೆಲ್ಟು ಆ ಪಂಜರಕ್ಕೇ ಕಟ್ಟುವಂಥದ್ದು, ಹಾಗಾಗಿ ಅದು ಬಂದದ್ದು ಬೆಸುಗೆಯೆಲ್ಲ ಮುಗಿದ ಮೇಲೆ. ಅದನ್ನು ಏಣಿಯೇ ಕಟ್ಟಿಕೊಂಡು ನೋಡಿದ. ಆಗ ತಲೆಯ ಮೇಲೆ ಹೆಲ್ಮೆಟ್ಟೂ ಇರಲಿಲ್ಲ, ಕೋಲೂ ಇರಲಿಲ್ಲ. ಆ ಪರೀಕ್ಷೆ ಆಗಲೇ ಮುಗಿದಿತ್ತಲ್ಲ, ಇನ್ನೊಮ್ಮೆ ಯಾಕೆ ಎಂದು ಇಬ್ಬರಿಗೂ ಅನಿಸಿತ್ತು.

ರೇಸಿನ ದಿನ ಬೆಳಿಗ್ಗೆ ತಪಾಸಣೆಯ ಸಾಲಿನಲ್ಲಿ ಕಾರು ನಿಂತಿತು. ತಪಾಸಣೆಗೆ ಬಂದ ಹೆಂಗಸು ಬೆಸುಗೆಯ ಮೇಲೆ ಬೆರಳಾಡಿಸಿ ಚೆನ್ನಾಗಿದೆ ಎಂದಳು. ಭಾವ ಆಚೆ ಮುಖ ಮಾಡಿ ಮೂಗು ಒರೆಸಿಕೊಂಡ. ಆಮೇಲೆ ಅವಳು ಹೆಲ್ಮೆಟ್ ಹಾಕಿ ಕೂತಿದ್ದ ಏಣಿಯ ಬೆಲ್ಟಿನ ಪಟ್ಟಿಗಳನ್ನು ಒಂದೊಂದಾಗಿ ಜಗ್ಗಿ ಬಿಗಿದಳು. ಸೊಂಟ ಸೀಟಿನ ಮೂಲೆಗೆ ಹೋಯಿತು, ಭುಜ ಹಿಂದಕ್ಕೆ ಬಂತು. ಬೆನ್ನು ಅದೆಷ್ಟೋ ವರ್ಷಗಳ ಮೇಲೆ ನೆಟ್ಟಗಾಯಿತು. ಕಮಾನಿನಿಂದ ಮುಂದಕ್ಕೆ ಇಟ್ಟ ಕೋಲು ಹೆಲ್ಮೆಟ್ಟಿನ ಮೇಲೆ ಕೂತು ತೂಗಾಡಿತು.

ಸೀಟು ಇನ್ನೂ ಇಳಿಯುತ್ತದೆಯೇ ಎಂದು ಅವಳು ಕೇಳಿದಳು. ಇಳಿಯುವುದಕ್ಕೆ ಕೆಳಗೆ ಜಾಗವೇ ಇರಲಿಲ್ಲ. ಇವತ್ತಿಗೆ ಆಗುವುದಿಲ್ಲ ಎಂದು ಮೆತ್ತಗೆ ಹೇಳಿ ಮುಂದಿನ ಕಾರಿಗೆ ಹೋದಳು.

"ನಂದೇ ಅಳತೆ," ಎಂದ ಭಾವ.

ಏಣಿಗೆ ಆಗಲೇ ಎಲ್ಲ ಹೊಳೆದಿತ್ತು. "ಭಾವ, ಶೆಡ್ಡಲ್ಲಿ ನಾನು ಬಗ್ಗಿ ಕೂತಿದ್ದೆ. ಈಗ ಬೆಲ್ಟು ನೆಟ್ಟಗೆ ಮಾಡ್ತು. ನಿಮ್ಮ ಕಣ್ಣಿನ ತಪ್ಪಲ್ಲ, ನೋಡಿ ಬೇಕಾದ್ರೆ," ಎಂದು ಬೆಲ್ಟು ಸಡಿಲಿಸಿದ. ಅಂದು ಕೂತಂತೆ ಕೂರಲು ನೋಡಿದ. ಬರಲಿಲ್ಲ. ಹುಟ್ಟಿದಂದಿನಿಂದ ಜೊತೆಗಿದ್ದಂತಿದ್ದ ಗೂನು, ಬೇಕೆಂದು ಕರೆದರೆ ಎಲ್ಲೋ ಅವಿತುಕೊಂಡಿತು. ಕುತ್ತಿಗೆ ಒಳಗೆಳೆದ, ಮೊಣಕಾಲು ಮಡಚಿದ, ಉಸಿರು ಬಿಟ್ಟ. ಕೋಲು ಇನ್ನೂ ತಾಗುತ್ತಲೇ ಇತ್ತು. ಸೀಟಿನಲ್ಲಿ ಮುದುಡಿ ಮುದ್ದೆಯಾಗುತ್ತಿದ್ದ ಅವನನ್ನು ಭಾವ ಸ್ವಲ್ಪ ಹೊತ್ತು ನೋಡಿದ.

"ಸಾಕು ಏಣಿ, ಎದ್ದೇಳು. ನೀನು ಒಳ್ಳೆಯವನು ಕಣೋ. ನನಗೋಸ್ಕರ ಇಷ್ಟೆಲ್ಲ ನಾಟಕ ಬೇಡ."

ನಾಟಕವಲ್ಲ ಎಂದು ಏಣಿ ದಾರಿಯುದ್ದಕ್ಕೂ ಹೇಳಿದ. ಹೇಳಿದಷ್ಟೂ ಅದು ಸಮಾಧಾನದ ಮಾತಿನಂತೆಯೇ ಕೇಳಿಸುತ್ತಿತ್ತು. ಮನೆಯಲ್ಲಿ ಅಕ್ಕ ಅವನ ಮಾತನ್ನು ತಕ್ಷಣ ನಂಬಿದಳು. ಚಿಕ್ಕಂದಿನಿಂದ ಆ ಬೆನ್ನಿಗೆ ಗುದ್ದಿ ಗುದ್ದಿ ಸೋತವಳು ಅವಳೇ ತಾನೇ. ಅದನ್ನೇ ಗಂಡನಿಗೆ ಹೇಳಿದಳು. "ಅಕ್ಕ ತಮ್ಮ ಚೆನ್ನಾಗಿ ಮಾತಾಡ್ಕೊಂಡಿದೀರಿ," ಎಂದು ಭಾವ ಕೈ ತೊಳೆಯಲು ಹೋದ.

ಮರುದಿನ ಏಣಿಗೆ ಹಗಲಿನ ಪಾಳಿ. ಸಂಜೆ ಅಕ್ಕನನ್ನೂ ಕರೆದುಕೊಂಡು, ತಾನು ಮೈಮರೆತು ಕೂತಾಗ ಇನ್ನೊಮ್ಮೆ ಅಳೆಸಬೇಕು, ಭಾವನ ಕಣ್ಣೆದುರೇ ತೋರಿಸಬೇಕು ಎಂದುಕೊಂಡು ಶೆಡ್ಡಿಗೆ ಹೋದ. ಭಾವ ಗ್ರೈಂಡರ್ ಹಿಡಿದು ಪಂಜರವನ್ನು ಆಗಲೇ ಕೊಯ್ದು ಮುಗಿಸಿದ್ದ. ಪೈಪುಗಳು ಸಾಲಾಗಿ ಗೋಡೆಗೆ ಒರಗಿದ್ದವು. ಕಾರಿನ ನೆಲವನ್ನು ಗುಡಿಸಿ ಚೊಕ್ಕಟ ಮಾಡಿಯಾಗಿತ್ತು.

"ಕಣ್ಣಿರೋರ ಹತ್ರ ಮಾಡಿಸ್ಕೋ," ಎಂದು ಬೀಗದ ಕೈಯನ್ನು ಅಕ್ಕನ ಕೈಗೆ ಕೊಟ್ಟ.

ಅಂದು ಬಾಗಿಲು ಹಾಕಿದ ಶೆಡ್ಡು ಇನ್ನೂ ತೆರೆದಿಲ್ಲ. ತಪ್ಪು ಬೆನ್ನಿನದೇ ಎಂದು ಏಣಿ ಇಂದಿಗೂ ಹೇಳುತ್ತಾನೆ. ಒಬ್ಬನೇ ಇದ್ದಾಗ ಮಾತ್ರ ಅವನಿಗೂ ಅನುಮಾನ ಬರುತ್ತದೆ. ತಾನು ನಿಜಕ್ಕೂ ಅಷ್ಟು ಬಗ್ಗಿದ್ದೆನೋ, ಅಥವಾ ಆ ಕಣ್ಣೂ ಒಂದು ಬೆರಳಿನಷ್ಟು ತಪ್ಪಿತ್ತೋ? ಅಳೆದು ನೋಡಲು ಈಗ ಪಂಜರವಿಲ್ಲ. ಭಾವನಿಗೆ ಒಳಗೊಳಗೆ ಏನನಿಸಿದೆಯೋ, ಅದೂ ಯಾರಿಗೂ ಗೊತ್ತಿಲ್ಲ.